ಬೀಗದ ಮಾಮನ ಕಂಪ್ಯೂಟರ್ ಆಯ್ಕೆ

ನಮ್ಮ ಮಾಮ ಈ ಲೋಕದಲ್ಲಿ ಯಾರನ್ನೂ ನಂಬುವವರಲ್ಲ, ಮಜ್ಜಿಗೆ ಮಡಕೆಯನ್ನು ಕೂಡ! ದಿಂಡುಕ್ಕಲ್‌ನಿಂದ ಬೀಗ ತಂದು ತೇನಿಯಲ್ಲಿ ಮಾರುವುದು ಅವರ ಕಸುಬು. ಅವರ ಸರಕಿಗೆ ಮೊದಲ ಗಿರಾಕಿ ಅವರೇ. ಮಡಕೆಗೆ ಬೀಗ, ಟೀವಿಗೆ ಬೀಗ, ಅಂಗಡಿಯ ಫೋನಿಗಂತೂ ಒಂದು ಮರದ ಪೆಟ್ಟಿಗೆ, ಅದಕ್ಕೊಂದು ಬೀಗ. ಫೋನು ಪೆಟ್ಟಿಗೆಯೊಳಗೇ ಬಡಿದುಕೊಳ್ಳುತ್ತಿತ್ತು. ಮಾಮ ಸೊಂಟದ ಗೊಂಚಲಿನಲ್ಲಿ ಸರಿಯಾದ ಕೀಲಿಕೈ ಹುಡುಕಿ ತೆಗೆಯುವಷ್ಟರಲ್ಲಿ, ಕರೆದವರು ಬಸ್ಸು ಹತ್ತಿ ಅಂಗಡಿಗೇ ಬಂದುಬಿಡಬಹುದಿತ್ತು.

ಕೀಲಿಕೈಗೆ ತಮಿಳುನಾಡಿನ ಕನ್ನಡಿಗರಾದ ನಾವು ಸಾವಿ ಎನ್ನುತ್ತೇವೆ. ಪ್ರತಿ ಬೀಗಕ್ಕೂ ಎರಡು ಸಾವಿ ಬರುತ್ತವೆ. ಎರಡೂ ಮಾಮನ ಹತ್ತಿರವೇ.

ಒಮ್ಮೆ ನನ್ನ ಜೊತೆ ದಿಂಡುಕ್ಕಲ್‌ನಿಂದ ಬರುವಾಗ ಸರಕಿನ ಚೀಲವನ್ನು ಬಸ್ಸಿನ ಸೀಟಿಗೆ ಸರಪಳಿಯಿಂದ ಬಿಗಿದು ಬೀಗ ಹಾಕಿದರು. ಪೆರಿಯಕುಳಂ ದಾಟುವಾಗ ಅವರಿಗೆ ನೆನಪಾಯಿತು: ಸಾವಿ ಚೀಲದೊಳಗೆ! ಚೀಲದ ಬಾಯಿಗೂ ಅದೇ ಸರಪಳಿ. ತೇನಿ ಬಂತು, ಹೋಯಿತು. ಕಂಡಕ್ಟರ್ ಬೈದ, ಬಸ್ಸೆಲ್ಲ ನಕ್ಕಿತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಈ ಮನುಷ್ಯ ಯಾರೋ ಏನೋ ಎಂಬಂತೆ ಕೂತೆ. ಕೊನೆಗೆ ಉತ್ತಮಪಾಳಯಂನಲ್ಲಿ, ನಾನು ಓಡಿ ಸುದ್ದಿ ಮುಟ್ಟಿಸಿದ ಮೇಲೆ, ನನ್ನಮ್ಮ ಸುತ್ತಿಗೆ ಹಿಡಿದು ಬಸ್ಸು ಹತ್ತಬೇಕಾಯಿತು.

"ಎರಡ್ನೇ ಸಾವಿ ಎಲ್ಲಿ ತಮ್ಮಾ?"

"ಅದೂ ಚೀಲ್ದಾಗೇ ಐತೆ ಅಕ್ಕ. ಭದ್ರವಾಗ್ ಇರ್ಲಿ ಅಂತ."

ಉತ್ತಮಪಾಳಯಂನಲ್ಲಿ ನಮ್ಮದೇ ಇನ್ನೊಂದು ಬೀಗದ ಅಂಗಡಿ. ಎರಡೂ ಅಜ್ಜ ಬಿಟ್ಟುಹೋದವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅದನ್ನು ನೋಡಿಕೊಳ್ಳುತ್ತಿದ್ದಳು. ಆದರೆ ಎಲ್ಲಿ ಎಷ್ಟು ಸರಕಿದೆ, ಏನು ತರಿಸಬೇಕು ಎಂಬ ಲೆಕ್ಕವೆಲ್ಲ ತೇನಿಯ ಮೇಜಿನೊಳಗೆ, ಬೀಗದ ಹಿಂದೆ. ವಾರವಾರ ಅಮ್ಮ ಬಸ್ಸಿನಲ್ಲಿ ಬಂದು, ಗಿರಾಕಿಗಳು ಕರಗುವ ತನಕ ಆ ಮೇಜಿನ ಮುಂದೆ ನಿಂತಿರುತ್ತಿದ್ದಳು. ಅವಳಿಗೂ ಅಭ್ಯಾಸವಾಗಿತ್ತು, ನನಗೂ.

ನಾನು ಕಂಪ್ಯೂಟರ್ ಕಲಿತ ವರ್ಷ ಮಾಮನಿಗೂ ಕಂಪ್ಯೂಟರ್ ಬೇಕೆನಿಸಿತು. ಸಾಫ್ಟ್‌ವೇರ್ ಮಾರುವ ನನ್ನ ಗೆಳೆಯನನ್ನು ಮಧುರೈನಿಂದ ಕರೆತಂದೆ. ಅವನ ಬಳಿ ಎರಡು ಬಗೆ ಇದ್ದವು. ಒಂದು ಅಂಗಡಿಯ ಕಂಪ್ಯೂಟರಿನಲ್ಲೇ ಕೂರುವುದು. ಇನ್ನೊಂದು ಅವರ ಮಧುರೈ ಆಫೀಸಿನಲ್ಲಿದ್ದು, ಇಂಟರ್ನೆಟ್ ಮೂಲಕ ಯಾವ ಊರಿನಿಂದಲಾದರೂ ತೆರೆಯುವುದು.

ಎರಡನೆಯದನ್ನು ತೋರಿಸಲು ಫೋನ್ ಲೈನ್ ಬೇಕಿತ್ತು. ಫೋನು ಎಲ್ಲಿದೆ? ಪೆಟ್ಟಿಗೆಯಲ್ಲಿ! ಮಾಮ ಸಾವಿ ತೆಗೆದು, "ತಂಬಿ, ಕೊಂಚ ಗೋಡೆ ಕಡೆ ತಿರುಗು" ಎಂದರು. ಟೈ ಕಟ್ಟಿದ್ದ ನನ್ನ ಗೆಳೆಯ ಗೋಡೆ ನೋಡುತ್ತ ನಿಂತ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಮೋಡೆಮ್ ಕಿರುಚಿತು. ಲೈನ್ ಕಡಿಯಿತು, ಮತ್ತೆ ಕಡಿಯಿತು. ಗೆಳೆಯನೇ ಸೋತು, "ನಿಮಗೆ ಮೊದಲನೆಯದೇ ಸರಿ ಸಾರ್" ಎಂದ. ಮಾಮ ಬಿಡಲಿಲ್ಲ.

"ಬೀಗ ಎಲ್ಲಿ ಹಾಕೋದು?"

"ಪಾಸ್‌ವರ್ಡ್ ಇದೆ ಸಾರ್. ಅದೇ ಬೀಗ, ಅದೇ ಸಾವಿ."

"ಎಷ್ಟು ಸಾವಿ ಕೊಡ್ತೀಯ?"

"ಎಷ್ಟು ಜನಕ್ಕೆ ಬೇಕೋ ಅಷ್ಟು."

"ಹಾಗಾದ್ರೆ ಆ ಇಂಟರ್ನೆಟ್ಟಿನ ಎರಡ್ನೇದೇ ಇರ್ಲಿ."

ಮಧುರೈಯವನಿಗೆ ತಿಳಿಯದಿರಲೆಂದು ನಮ್ಮ ಕನ್ನಡದಲ್ಲಿ ಪಿಸುಗುಟ್ಟಿದೆ. "ಮಾಮಾ, ಮಾನ ಕಳೀಬೇಡಿ. ಈ ಲೈನ್ನಾಗೆ ಅದು ಓಡಾಕಿಲ್ಲ. ಮೊದಲ್ನೇದು ತಗೊಳಿ."

"ಅದು ನನ್ ಮೇಜ್ ಮೇಲೇ ಕುಂತಿರ್ತದೆ ಮಾಪ್ಳೆ," ಎಂದರು ಮಾಮ, ಅಷ್ಟೇ ಮೆಲ್ಲಗೆ. "ಅಕ್ಕ ತಿರುಗಾ ಬಸ್ ಹತ್ತಿ ಬಂದು ನನ್ ಮುಂದೆ ನಿಂತ್ಕೋಬೇಕಾ? ನಿಧಾನ ಆದ್ರೆ ಆಗ್ಲಿ. ಅಲ್ಲಿಗೂ ಒಂದು ಕಂಪ್ಯೂಟರ್ ತಂದಿಡ್ತೀನಿ. ಅವ್ಳು ನಿಂತ್ಕೊಂಡ್ರೆ ನಂಗೆ ನಾಚ್ಕೆ ಆಯ್ತದೆ."

ಆ ನಾಚಿಕೆ ನನಗೆ ಅಲ್ಲಿಯವರೆಗೆ ಆಗಿರಲಿಲ್ಲ. ಮಾಮನಿಗಾಗಿ ನಾಚುವುದರಲ್ಲೇ ನನಗೆ ಪುರುಸೊತ್ತಿರಲಿಲ್ಲ.

ಮಾಮ ಅಮ್ಮನಿಗೆ ಫೋನು ಮಾಡಿದರು. "ಅಕ್ಕ, ನಿಂಗೊಂದು ಸಾವಿ ಬೇಕಂತೆ. ಪಾಸ್‌ವರ್ಡ್ ಅಂತ ಮನಸ್ಸಿಗೆ ಬಂದ ಒಂದ್ ಮಾತು ಈ ತಂಬಿಗೆ ಹೇಳು. ನಂಗ್ ಹೇಳ್ಬೇಡ."

ರಿಸೀವರನ್ನು ನನ್ನ ಗೆಳೆಯನ ಕೈಗೆ ಕೊಟ್ಟು, ಯಾರೂ ಹೇಳದೆಯೇ ಮಾಮ ಗೋಡೆಯ ಕಡೆ ತಿರುಗಿ ನಿಂತರು.