ಚಷ್ಮಾದಾಂವನ ಮಧುಕರಿ

ಬಾಳೆಹಣ್ಣಿನ ಗಾಡಿ ಚಂದಪ್ಪ ಯಡ್ರಾಮಿಗೆ ಮದುವೆಗೆ ಹೋದದ್ದೇ ಇಷ್ಟು ರಾಮಾಯಣಕ್ಕೆ ಮೂಲ. ಮದುವೆಗೆ ಹೋಗಬಾರದು ಅಂತ ಯಾರೂ ಅನ್ನುವುದಿಲ್ಲ. ಆದರೆ ಹೇಳಿ ಹೋಗಬೇಕೋ ಬೇಡವೋ! ಹನ್ನೊಂದೂವರೆ ಹೊತ್ತಿಗೆ ವಾಮನರಾಯನೇ ಫೋನು ಹಚ್ಚಿದಾಗ ಬ್ಯಾಂಡಿನ ಗದ್ದಲದೊಳಗಿಂದ ಅವನ ದನಿ ಬಂತು.

"ಸಾಹೇಬ್ರ, ಅಕ್ಷತಾ ಟೈಮ್ ಅದರಿ. ಇವತ್ತೊಂದಿನ ಅಮ್ಮಾರಿಗೆ ನೀವs ಹೆಂಗರ ಸಂಭಾಳಿಸ್ರಿ!"

ಸಂಭಾಳಿಸಬೇಕಂತೆ. ನರ್ಮದಾಬಾಯಿಯನ್ನು ಸಂಭಾಳಿಸುವುದೂ ಒಂದೇ, ಭೀಮಾ ನದಿಗೆ ಚಾಪೆ ಅಡ್ಡ ಹಿಡಿಯುವುದೂ ಒಂದೇ.

ನರ್ಮದಾಬಾಯಿ ವಾಮನರಾಯನ ತಾಯಿ. ಹುಟ್ಟಿದ್ದು, ಮದುವೆಯಾದದ್ದು, ಬಾಳಿದ್ದು ಎಲ್ಲ ಗಾಣಗಾಪುರದಲ್ಲಿ. ಅಲ್ಲಿ ದಿನಾ ಮಧ್ಯಾಹ್ನ ದತ್ತ ಮಹಾರಾಜರು ಯಾವುದೋ ಒಂದು ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಅನ್ನುವ ನಂಬಿಕೆ. ಅದಕ್ಕೇ ಭಕ್ತರೂ ಜೋಳಿಗೆ ಹಿಡಿದು ಐದು ಮನೆ ಬೇಡುತ್ತಾರೆ. ಬೇಡಿದವರಲ್ಲಿ ದತ್ತ ಮಹಾರಾಜರು ಯಾರೋ ಏನೋ ಅಂತ ಮನೆಯವರು ನೀಡುತ್ತಾರೆ. ಈ ಭಿಕ್ಷೆಗೆ ಮಧುಕರಿ ಅಂತ ಹೆಸರು. ಮಧುಕರಿ ನೀಡದೆ ತುತ್ತು ಮುಟ್ಟಬಾರದು ಅಂತ ನರ್ಮದಾಬಾಯಿಗೆ ಅತ್ತೆ ಹೇಳಿಕೊಟ್ಟಿದ್ದಳು.

ಈಗ ಮುದುಕಿಗೆ ಮರೆವು. ಅತ್ತೆ ಮರೆತುಹೋದಳು, ಗಂಡ ತೀರಿಹೋದದ್ದು ಮರೆಯಿತು, ಜೇವರ್ಗಿಯ ಮಗನ ಮನೆಗೆ ಬಂದಿದ್ದೂ ಮರೆಯಿತು. ಮಗನನ್ನು ಮರೆತು ವರ್ಷದ ಮೇಲಾಯಿತು. ಒಬ್ಬನೇ ಮಗ! ಕನ್ನಡಕ ಹಾಕಿದ ಅವನಿಗೆ "ಚಷ್ಮಾದಾಂವ" ಅನ್ನುತ್ತಾಳೆ, ಬಾಡಿಗೆ ಕೊಡದ ಬಾಡಿಗೆದಾರನಿಗೆ ಅನ್ನುವ ಹಾಗೆ. ಆದರೆ ಮಧುಕರಿ ಮಾತ್ರ ಮರೆತಿಲ್ಲ. ಹನ್ನೆರಡಾಯಿತೆಂದರೆ ತಾಟು ಹಿಡಿದು ಬಾಗಿಲಲ್ಲಿ ನಿಂತಳೇ. ದಿನಾ ಆ ಹೊತ್ತಿಗೆ ಜೋಳಿಗೆ ಹಿಡಿದು ಬಂದು ಭಿಕ್ಷೆ ಹಾಕಿಸಿಕೊಳ್ಳುವವನು ಚಂದಪ್ಪ. ಹೋದ ತಿಂಗಳು ಚಂದಪ್ಪ ಬರುವುದು ತಡವಾಗಿ, ಸಕ್ಕರೆ ಕಾಯಿಲೆಯ ಜೀವ, ಹಸಿದ ಹೊಟ್ಟೆಯಲ್ಲಿ ಚಕ್ಕರ್ ಬಂದು ಹೊಸ್ತಿಲ ಮೇಲೆ ಬಿದ್ದಿದ್ದಳು. ಇವತ್ತೂ ಹಾಗಾದರೆ ಏಳುತ್ತಾಳೋ ಇಲ್ಲವೋ ಅಂತ ವಾಮನರಾಯ ಮತ್ತೆ ಮತ್ತೆ ಗಡಿಯಾರ ನೋಡಿದ.

ಅವನೋ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮಾಸ್ತರ. ದೇವರು ದಿಂಡರೆಂದರೆ ಮಾರು ದೂರ. ಹೆಂಡತಿ ಮಂಜರಿ ಆಳಂದದ ತವರಿಗೆ ಹೋಗಿದ್ದರಿಂದ, ಅವ್ವನನ್ನು ನೋಡಿಕೊಳ್ಳಲು ಜ್ವರ ಅಂತ ಸುಳ್ಳು ಹೇಳಿ ರಜೆ ಹಾಕಿದ್ದ.

"ಅವ್ವಾ, ಇವತ್ತ ಒಂದಿನ ಮೊದಲ ಉಣ್ಣು. ಆಮ್ಯಾಲ ನೀಡಿದ್ರಾತು."

"ನೀ ಯಾರು ಹೇಳಾಂವ? ಚಷ್ಮಾ ಹಾಕ್ಕೊಂಡ ಕೂಡಲೇ ಶಾಣ್ಯಾ ಆಗ್ತಾರೇನು?"

ಎದುರು ಮನೆಯಲ್ಲಿ ಶ್ರೀಮಂತ ಅನ್ನುವ ಹೆಸರಿನವನೊಬ್ಬ, ಇಂಥದ್ದಕ್ಕೇ ಕಾದಿರುತ್ತಾನೆ. ಕರೆಯುವ ಮೊದಲೇ ಗೇಟು ದಾಟಿ ಬಂದ.

"ಅಲ್ರೀ ವಾಮನರಾವ್, ಮಗನ ಹೆಸರು ಗೊತ್ತಿಲ್ಲದವರಿಗೆ ದೇವರ್ಯಾಕ ಬೇಕ್ರಿ? ಬಾಗಲಾ ಹಾಕಿ ಚಮಚದ್ಲೆ ತಿನ್ನಸ್ರಿ. ಹತ್ತು ನಿಮಿಷಕ್ಕ ಅದೂ ಮರೀತಾರ."

ವಾಮನರಾಯನಿಗೆ ದೇವರ ಮೇಲೆ ನಂಬಿಕೆಯಿರಲಿಲ್ಲ, ನಿಜ. ಆದರೂ ಆ ಮಾತಿಗೆ ಮೈ ಉರಿಯಿತು. "ಬಾಗಲಾ ಹಾಕಂಗಿಲ್ರಿ. ಆಕಿ ಎಲ್ಲಾ ಕಳಕೊಂಡಾಳ, ಇದೊಂದು ಉಳಿಸಿಕೊಂಡಾಳ. ಅದನ್ನೂ ನಾ ಕಸಗೊಳ್ಲೇನು?"

"ಸಿಟ್ಟಾಗಬ್ಯಾಡ್ರಿ. ನಾನs ಜೋಳಿಗಿ ಹಿಡಿದು ಬರ್ತೇನಿ, ಬಿಡ್ರಿ," ಅಂದ ಶ್ರೀಮಂತ. ಅಡುಗೆಮನೆಯಿಂದ ಬದನೆಕಾಯಿ ಪಲ್ಯದ ವಾಸನೆ ಆಗಲೇ ಅವನ ಮೂಗಿಗೆ ಬಡಿದಿತ್ತು.

ಮನೆಗೆ ಹೋಗಿ ತನ್ನ ಹೆಂಡತಿಯ ಕೇಸರಿ ಶಾಲು ಹೊದ್ದು ಬಂದು ಬಾಗಿಲಲ್ಲಿ ನಿಂತ. ನರ್ಮದಾಬಾಯಿ ಭಕ್ತಿಯಿಂದ ಕೈ ಮುಗಿದಳು. "ಎಷ್ಟು ಮನಿ ಆದ್ವು ಮಹಾರಾಜ?"

"ನಿಮ್ಮನಿ ಒಂದೇ ಸಾಕ್ರಿ. ಹೊಟ್ಟಿತುಂಬ ಹಾಕಿಬಿಡ್ರಿ. ಪಲ್ಯಾಕ ಒಂದೀಟು ಶೇಂಗಾ ಹಿಂಡಿ ಇದ್ರ ನೋಡ್ರಿ."

ಮುದುಕಿಯ ಕೈ ಕೆಳಗಿಳಿಯಿತು. "ಒಂದೇ ಮನ್ಯಾಗ ಹೊಟ್ಟಿ ತುಂಬಿಸ್ಕೊಂಡ್ರ ಅದಕ್ಕ ಮಧುಕರಿ ಅನ್ನಂಗಿಲ್ಲಪ್ಪಾ, ಊಟ ಅಂತಾರ. ಉಣ್ಣಾಕ ಬಂದಿದ್ರ ಪಡಸಾಲ್ಯಾಗ ಕೂಡು, ನೀಡ್ತೇನಿ. ಆದ್ರ ಇದು ಲೆಕ್ಕಕ್ಕಿಲ್ಲ."

ಶ್ರೀಮಂತ ಕೂತ. ಉಂಡ. ಎರಡು ಸಲ ಪಲ್ಯ ಹಾಕಿಸಿಕೊಂಡ. ನರ್ಮದಾಬಾಯಿ ಮತ್ತೆ ತಾಟು ತುಂಬಿಕೊಂಡು ಹೊಸ್ತಿಲಲ್ಲಿ ನಿಂತಳು.

ಬಾಜೂ ಮನೆಯ ಸರ್ವರಬೇಗಂ ಕಂಪೌಂಡಿನ ಮೇಲಿಂದ ಎಲ್ಲ ನೋಡುತ್ತಿದ್ದಳು. "ಭಾಯಿ, ನಮ್ಮ ಅತ್ತಿನೂ ಹಿಂಗs ಇದ್ರು. ನನ್ನ ಹೆಸರು ಮರತಿದ್ರು, ನಮಾಜಿನ ಹೊತ್ತು ಮರೀಲಿಲ್ಲ. ತಲಿ ಮರೀತದ, ಮೊಣಕಾಲು ಮರಿಯಂಗಿಲ್ಲ. ಚಂದಪ್ಪ ಇಲ್ಲಂದ್ರ ನಿಮಗೇನು ಕೈಕಾಲಿಲ್ಲೇನು? ಅಂಗಿ ಬಿಚ್ರಿ, ಜಲ್ದಿ! ಮೊದಲ ಮನಿ ನಂದು."

"ನಾ? ಓಣ್ಯಾಗ? ಬೇಗಂರ, ನನ್ನ ಇಜ್ಜತ್ತು..."

"ಅಮ್ಮನ ಕೈ ನೋಡ್ರಿ ಹೆಂಗ ನಡಗಾಕತ್ತದ."

ಅಂಗಿ ಬಿಚ್ಚಿದ. ಪಂಚೆ ಉಟ್ಟ, ತಲೆಗೆ ಟವೆಲು ಸುತ್ತಿದ. ಗುರುತು ಸಿಗದಿರಲಿ ಅಂತ ಚಷ್ಮಾ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಜೋಳಿಗೆ ಎಲ್ಲಿಂದ ತರೋಣ? ದಿಂಬಿನ ಗವಸಣಿಗೆಯೇ ಜೋಳಿಗೆಯಾಯಿತು. ಅದರ ಮೇಲೆ ನವಿಲಿನ ಚಿತ್ರ, ಕೆಳಗೆ ಗುಡ್‌ನೈಟ್ ಅಂತ ಕಸೂತಿ.

ಸರ್ವರಬೇಗಂ ಎರಡು ಬಾಳೆಹಣ್ಣು ಹಾಕಿದಳು. ಶ್ರೀಮಂತನ ಹೆಂಡತಿ ನಿನ್ನೆಯ ಕಟಕ ರೊಟ್ಟಿ ಹಾಕಿ, ತನ್ನ ಶಾಲು ಯಾವಾಗ ವಾಪಸು ಬರುತ್ತದೆ ಅಂತ ಕೇಳಿದಳು. ಮೂರನೆಯ ಮನೆಯಲ್ಲಿ ಅಜ್ಜಿಯೊಬ್ಬಳು ಹಿಡಿ ಅಕ್ಕಿ ಹಾಕಿ, ಹುಡುಗ ನೋಡಲು ಲಕ್ಷಣವಾಗಿದ್ದಾನೆ, ದುಡಿದು ತಿನ್ನಬಾರದೆ ಅಂತ ಬುದ್ಧಿ ಹೇಳಿದಳು. ಚಷ್ಮಾ ಇಲ್ಲದ ಕಣ್ಣಿಗೆ ಓಣಿಯೆಲ್ಲ ಹಾಲಿಗೆ ನೀರು ಬೆರೆಸಿದ ಹಾಗೆ ಕಾಣುತ್ತಿತ್ತು. ಯಾರ ಮನೆ ಅಂತ ತಿಳಿಯದೆ, ತಡವರಿಸುತ್ತ ನಾಲ್ಕನೆಯ ಬಾಗಿಲಿಗೆ ಹೋಗಿ ಕೂಗಿದ: "ಭವತಿ ಭಿಕ್ಷಾಂ ದೇಹಿ!"

ಬಾಗಿಲಲ್ಲಿ ನಿಂತಿದ್ದ ಆಕೃತಿ ಕೆಮ್ಮಿತು. ಆ ಕೆಮ್ಮು ವಾಮನರಾಯನಿಗೆ ಚೆನ್ನಾಗಿ ಗೊತ್ತು. ದಿನಾ ಹತ್ತು ಗಂಟೆಗೆ ಹಾಜರಿ ಪುಸ್ತಕದ ಹತ್ತಿರ ಕೇಳುವ ಕೆಮ್ಮು. ಪ್ರಿನ್ಸಿಪಾಲ ಕಲ್ಯಾಣಕುಮಾರರು ಊಟಕ್ಕೆ ಮನೆಗೆ ಬಂದಿದ್ದರು.

"ವಾಮನರಾವ್! ಜ್ವರ ಅಂದಿದ್ರೆಲ್ಲಾ?"

"ಹೌದ್ರಿ ಸರ್. ಇದು ಅದರ ಪಥ್ಯ."

"ಕಾಲೇಜಿನ ಮರ್ಯಾದಿ ಏನಾಗಬೇಕ್ರಿ? ನಾಳೆ ಮೀಟಿಂಗಿನ್ಯಾಗ ಈ ಮಾತು ತಗೀತೇನಿ."

ಬೇರೆ ದಿನವಾಗಿದ್ದರೆ ವಾಮನರಾಯ ಅಲ್ಲೇ ನೆಲಕ್ಕೆ ಇಳಿದುಹೋಗುತ್ತಿದ್ದ. ಇವತ್ತು ಅವನಿಗೆ ಏನಾಯಿತೋ, ನವಿಲಿನ ಜೋಳಿಗೆ ಮುಂದೆ ಹಿಡಿದ. "ತಗೀರಿ ಸರ್. ಡಂಗುರ ಬೇಕಾದ್ರೂ ಹೊಡಸ್ರಿ. ಮೊದಲ ಭಿಕ್ಷಾ ಹಾಕ್ರಿ. ಅಲ್ಲಿ ನಮ್ಮವ್ವ ಉಪವಾಸ ನಿಂತಾಳ."

ಪ್ರಿನ್ಸಿಪಾಲರು ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಒಳಗಿಂದ ಅವರ ಹೆಂಡತಿ ಬಂದು ಎರಡು ಹೋಳಿಗೆ ಹಾಕಿದರು.

ಐದನೆಯದು ತನ್ನದೇ ಮನೆ. ಹೊಸ್ತಿಲ ಮೇಲೆ ಒಂದು ಬಿಳಿ ಸೀರೆ ಮಸುಕಾಗಿ ಕಾಣುತ್ತಿತ್ತು. ಬರಿಮೈ, ಬೆವರು, ಹೆಗಲಲ್ಲಿ ಜನಿವಾರ. ವಾಮನರಾಯನ ದನಿ ಯಾಕೋ ಸಣ್ಣದಾಯಿತು.

"ಭವತಿ ಭಿಕ್ಷಾಂ ದೇಹಿ."

ತಾಟು ಒಮ್ಮೆ ಅಲುಗಿತು. "ವಾಮನ್ಯಾ?"

ಅವನು ಹೊಸ್ತಿಲ ಕಡೆಗೆ ಒಂದು ಹೆಜ್ಜೆ ಇಟ್ಟ.

"ನೀನs ಏನೋ? ಮುಂಜಿ ದಿವ್ಸ ಮೊದಲ ಭಿಕ್ಷಾ ತಾಯಿನೇ ಹಾಕಬೇಕು. ಎಲ್ಲೆಲ್ಲೋ ತಿರಗಿ ಕಡೀಕ ನನ್ನ ಹತ್ರ ಬರ್ತೀಯಲ್ಲೋ, ಮಂಗ್ಯಾ! ಎಷ್ಟ ಸೊರಗೀಯೋ ನನ್ನಪ್ಪಾ." ನಡುಗುವ ಕೈ ಜೋಳಿಗೆಗೆ ಅನ್ನ ಹಾಕಿತು, ಪಲ್ಯ ಹಾಕಿತು. ಆಮೇಲೆ ಬಂದು ಅವನ ಕೆನ್ನೆ ಸವರಿತು.

ವಾಮನರಾಯ ಮಕ್ಕಳ ಹಾಗೆ ಅತ್ತ. ವರ್ಷದ ಮೇಲೆ ಸಿಕ್ಕ ತಾಯಿ! ಅವಳ ಮುಖವನ್ನು ಕಣ್ತುಂಬ ನೋಡಬೇಕು ಅನಿಸಿತು. ಆದರೆ ಎದುರಿಗೆಲ್ಲ ಮಸುಕು. ಸೊಂಟದಿಂದ ಚಷ್ಮಾ ತೆಗೆದ, ಪಂಚೆಯ ಚುಂಗಿನಿಂದ ಒರೆಸಿದ, ಹಾಕಿಕೊಂಡ.

ಕೆನ್ನೆಯ ಮೇಲಿದ್ದ ಕೈ ಸರಕ್ಕನೆ ಹಿಂದೆ ಹೋಯಿತು.

"ನೀ? ನನ್ನ ಮಗ ಎಲ್ಲಿ?"

"ಅವ್ವಾ, ನಾನs..."

"ಅಂವಾ ಈಗ ಇಲ್ಲೇ ನಿಂತಿದ್ದ. ಅವನ ಜೋಳಿಗಿ ಕಸಗೊಂಡೇನಲೇ ಚಷ್ಮಾ?"

ಗಡಬಡಿಸಿ ಚಷ್ಮಾ ತೆಗೆದ. "ಈಗ ನೋಡವ್ವಾ!"

"ನಾಟಕ ಮಾಡಬ್ಯಾಡ!" ಮುದುಕಿಗೆ ಎಲ್ಲಿಂದ ಬಂತೋ ಅಷ್ಟು ಬಲ, ಜೋಳಿಗೆ ಜಗ್ಗಿಕೊಂಡಳು. "ನನ್ನ ಮಗ ಬೇಡಿ ತಂದದ್ದು. ಅಂವಾ ಬರೂತನ ಯಾರೂ ಮುಟ್ಟಂಗಿಲ್ಲ."

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಬಿತ್ತು. ಕಿಟಕಿಯಿಂದ ಇಣುಕಿದರೆ, ಮಧುಕರಿ ಮುಗಿದ ಸಮಾಧಾನದಲ್ಲಿ ನರ್ಮದಾಬಾಯಿ ತಾಟಿನ ಮುಂದೆ ಕೂತು, ಕೈ ಮುಗಿದು, ಗಡದ್ದಾಗಿ ಉಣ್ಣುತ್ತಿದ್ದಳು. ಪಕ್ಕದಲ್ಲಿ ನವಿಲಿನ ಜೋಳಿಗೆ. ಹೋಳಿಗೆಯ ಅಂಚು ಹೊರಗೆ ಕಾಣುತ್ತಿತ್ತು.

ಫೋನು ಬಡಕೊಂಡಿತು, ಪುಣ್ಯಕ್ಕೆ ಅದೊಂದು ಕಟ್ಟೆಯ ಮೇಲೆ ಉಳಿದಿತ್ತು. ಚಂದಪ್ಪನ ದನಿ ಕಿಟಕಿಯೊಳಗೂ ಕೇಳುವಷ್ಟು ಜೋರು. "ಸಾಹೇಬ್ರ, ನಾಳಿಂದ ತಪ್ಪಂಗಿಲ್ರಿ, ಬರಾಬರಿ ಹನ್ನೆರಡಕ್ಕ ಬರ್ತೇನಿ."

ಒಳಗಿಂದ ಆರ್ಭಟ ಬಂತು. "ಯಾರೂ ಬರೋದು ಬ್ಯಾಡ! ನಾಳೆ ಭಿಕ್ಷಾಕ್ಕ ನನ್ನ ಮಗನೇ ಬರ್ತಾನ. ಆ ಚಷ್ಮಾದಾಂವಗ ಮಾತ್ರ ಒಳಗ ಬಿಡಬ್ಯಾಡ್ರಿ!"

"ಬರಬ್ಯಾಡಪ್ಪಾ ಚಂದಪ್ಪಾ," ಅಂದ ವಾಮನರಾಯ. "ಆ ನೌಕ್ರಿ ನನಗs ಬಂತು."

ಬಿಸಿಲು ನೆತ್ತಿ ಸುಡುತ್ತಿತ್ತು. ಶ್ರೀಮಂತ ತನ್ನ ಕಟ್ಟೆಯ ಮೇಲೆ ಕೂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ. ವಾಮನರಾಯ ಮುಂಜಾನೆಯಿಂದ ಬರೀ ಚಹಾದ ಮೇಲಿದ್ದ. ಟವೆಲು ಹೆಗಲಿಗೆ ಹಾಕಿಕೊಂಡು ಬಾಜೂ ಮನೆಯ ಬಾಗಿಲಿಗೆ ಹೋಗಿ ನಿಂತ.

"ಮತ್ತ ಭಿಕ್ಷಾ ಏನ್ರಿ ಭಾಯಿ?" ಅಂದಳು ಸರ್ವರಬೇಗಂ.

"ಅಲ್ರಿ ಬೇಗಂರ," ಅಂದ ವಾಮನರಾಯ, "ಇದು ಲೆಕ್ಕಕ್ಕಿಲ್ಲ. ಊಟ."