ಎರಡು ಸೀಟು, ಒಂದು ಒಟಿಪಿ

ಒಂದು ಕಷ್ಟ ಬಂದರೆ ಮನುಷ್ಯ ಹೇಗೋ ತಡೆದುಕೊಳ್ಳುತ್ತಾನೆ. ಎರಡು ಒಳ್ಳೆಯವು ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತು, ನಮ್ಮಲ್ಲಿ ಒಬ್ಬರನ್ನು ಮಾತ್ರ ಒಳಗೆ ಕರೆಯಿರಿ ಎಂದರೆ ತಡೆದುಕೊಳ್ಳುವುದು ಬಹಳ ಕಷ್ಟ. ಇದು ನನಗೆ ತಿಳಿದದ್ದು ಎಪ್ಪತ್ತನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಆಯ್ಕೆ ಎಂಬುದನ್ನು ನಾನು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ನೋಡಿದ್ದೆ. 'ಯಾವುದಾದರೂ ಐದಕ್ಕೆ ಉತ್ತರಿಸಿ' ಎಂದು ಅಚ್ಚುಹಾಕಿದ್ದರೂ ಕೊಟ್ಟೂರಿನ ನನ್ನ ಹುಡುಗರು ಆರಕ್ಕೂ ಉತ್ತರಿಸಿ, ಆರನ್ನೂ ತಪ್ಪು ಮಾಡಿ, ಯಾವುದನ್ನು ಬಿಡಬೇಕೆಂಬ ಹೊಣೆಯನ್ನು ನನಗೇ ಬಿಡುತ್ತಿದ್ದರು. ನಾನು ಕೊನೆಯದನ್ನು ಕೆಂಪು ಶಾಯಿಯಲ್ಲಿ ಹೊಡೆದು ಮುಂದೆ ಹೋಗುತ್ತಿದ್ದೆ. ಬದುಕಿನಲ್ಲಿಯೂ ಹಾಗೆಯೇ ನಡೆದುಕೊಂಡು ಬಂದೆ ಎಂದು ಮನೆಯವರು ಹೇಳುತ್ತಾರೆ.

ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ನಾನು. ಶಾಲೆಯ ಗಂಟೆ ಒಂದು ನಿಮಿಷ ತಡವಾದರೆ ಜವಾನನಿಗಿಂತ ಮೊದಲು ನಾನೇ ಹೋಗಿ ಬಾರಿಸುತ್ತಿದ್ದೆನಾದ್ದರಿಂದ ಊರು ನನ್ನನ್ನು 'ಗಂಟಿ ಮಾಸ್ತರು' ಎಂದು ಕರೆಯುತ್ತದೆ. ಶಾಲೆ ಬಿಟ್ಟರೂ ವೇಳಾಪಟ್ಟಿ ನನ್ನನ್ನು ಬಿಡಲಿಲ್ಲ. ನಮ್ಮ ನಡುಮನೆಯ ಗೋಡೆಯ ಮೇಲೆ ಅದು ಈಗಲೂ ಇದೆ. ಐದೂವರೆಯಿಂದ ಆರೂವರೆ ವಾಯುವಿಹಾರ. ಆರು ನಲವತ್ತಕ್ಕೆ ಚಹಾ. ಸಂಜೆ ಆರಕ್ಕೆ ಇನ್ನೊಂದು ಚಹಾ. ಮೊಬೈಲಿಗೆ ಬಂದ ಸಂದೇಶಗಳನ್ನು ಓದುವುದು ಭಾನುವಾರ ಮಧ್ಯಾಹ್ನ. ಮೊಬೈಲು ಇರಬೇಕಾದ ಜಾಗ ಕ್ಯಾಲೆಂಡರಿನ ಕೆಳಗಿನ ಗೂಡು. ಅದು ಹೊರಗೆ ಹೋಗುವಂತಿಲ್ಲ. ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಮಗ ಶಿವಕುಮಾರನ ಮೊಬೈಲಿನಲ್ಲಿ ಯಾವಾಗಲೂ ಚಾರ್ಜ್ ಇರುವುದಿಲ್ಲ, ಸೊಸೆ ನಿರ್ಮಲಳದ್ದು ಯಾವಾಗಲೂ ಸಿಗುವುದಿಲ್ಲ. ಹೀಗಾಗಿ ಮೊಮ್ಮಗಳು ಚೈತ್ರಾ ವೈದ್ಯಕೀಯ ಪ್ರವೇಶಕ್ಕೆ ಹೆಸರು ನೋಂದಾಯಿಸುವಾಗ, "ತಾತಂದೇ ನಂಬರ್ ಕೊಡು, ಅದು ಗೂಡಿನ್ಯಾಗ ದೇವರಿದ್ದಂಗ ಇರ್ತೈತಿ" ಎಂದು ಶಿವಕುಮಾರ ಹೇಳಿದ. ಒಳಗೊಳಗೆ ಹಿಗ್ಗಿದೆ. ಮುಂದೆ ಅವಳ ಇಡೀ ಭವಿಷ್ಯ ನನ್ನ ಗೂಡಿಗೆ ಆರು ಅಂಕಿಗಳ ರೂಪದಲ್ಲಿ ಬಂದು ಬೀಳುತ್ತದೆಂದು ಆಗ ಗೊತ್ತಿರಲಿಲ್ಲ.

ಅವಳಿಗೆ ಎರಡು ಸೀಟು ಬಂದವು. ರಾಜ್ಯದ ಪಟ್ಟಿಯಲ್ಲಿ ಒಂದು: ನಮ್ಮೂರಿನಿಂದ ಬಸ್ಸಿನಲ್ಲಿ ಎರಡೂವರೆ ತಾಸಿನ ದಾರಿ, ಹೊಸ ಕಾಲೇಜು, ಆಸ್ಪತ್ರೆಯ ಮೇಲಂತಸ್ತಿಗೆ ಇನ್ನೂ ಸಿಮೆಂಟು ಮೆತ್ತುತ್ತಿದ್ದಾರೆ. ಅಖಿಲ ಭಾರತ ಪಟ್ಟಿಯಲ್ಲಿ ಇನ್ನೊಂದು: ರಾಜ್ಯದ ಗಡಿ ದಾಟಿ, ಒಂದು ರಾತ್ರಿ ಒಂದು ಹಗಲು ರೈಲಿನಲ್ಲಿ ಕೂತರೆ ಸಿಗುವ ಸಮುದ್ರ ತೀರದ ಶಹರ, ಹಳೆಯ ಕಾಲೇಜು, ಜಾತ್ರೆಯಷ್ಟು ರೋಗಿಗಳು. ದೂರದ್ದು ಬೇಕಾದರೆ ಮೂರನೆಯ ದಿನ ಸಂಜೆ ಐದರೊಳಗೆ ಅದನ್ನು ಒಪ್ಪಿ ಹತ್ತಿರದ್ದನ್ನು ಬಿಡಬೇಕು; ಇಲ್ಲದಿದ್ದರೆ ಹತ್ತಿರದ್ದೇ ಖಾಯಂ. ಒಪ್ಪಿಗೆಯ ಗುಂಡಿ ಒತ್ತಿದರೆ ಒಟಿಪಿ ಬರುವುದು ನನ್ನ ಮೊಬೈಲಿಗೆ. ಅವಳು ದೂರದ್ದನ್ನು ಬಯಸಿದಳು. ನಾನು ಹತ್ತಿರದ್ದನ್ನು ಬಯಸಿದೆ.

ಮೊದಲ ದಿನ ನಾನು ಕೋಷ್ಟಕ ಹಾಕಿದೆ. ದೂರ, ಊಟ, ಭಾಷೆ, ನೀರು, ಹವೆ, ಹಾಸ್ಟೆಲಿನ ಶಿಸ್ತು, ಬಸ್ಸಿನ ಅನುಕೂಲ, ಒಂದೊಂದಕ್ಕೂ ಹತ್ತು ಅಂಕ. ಹತ್ತಿರದ ಕಾಲೇಜು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ದೂರದ್ದು ಊಟ ಮತ್ತು ಭಾಷೆಯಲ್ಲಿ ನಪಾಸಾಯಿತು. ಅದನ್ನು ಚೈತ್ರಾಳ ಮುಂದಿಟ್ಟೆ. ಅವಳು ಮೇಲಿಂದ ಕೆಳಗೆ ಒಮ್ಮೆ ಓದಿ, "ತಾತ, ಇದರಾಗ ಪೇಷಂಟ್ ಅನ್ನೋ ಕಾಲಮ್ಮೇ ಇಲ್ಲ" ಎಂದಳು.

ನಿಜವಾಗಿ ಮರೆತಿದ್ದೆ. ಸ್ಕೇಲು ಹಿಡಿದು ಇನ್ನೊಂದು ಕಾಲಂ ಎಳೆದೆ. ಹೊಸ ಆಸ್ಪತ್ರೆಯಲ್ಲಿ ರೋಗಿಗಳು ಕಡಿಮೆ ಎಂದು ಕೇಳಿದ್ದೆ. ರೋಗಿಗಳು ಕಡಿಮೆ ಇರುವುದು ಆಸ್ಪತ್ರೆಗೆ ಒಳ್ಳೆಯ ಲಕ್ಷಣವೆಂದು ಹತ್ತಕ್ಕೆ ಒಂಬತ್ತು ಕೊಟ್ಟೆ. ಚೈತ್ರಾ ನಗಲಿಲ್ಲ. "ಇಲ್ಲಿಗೆ ಬಂದವರನ್ನ ಮುಂದಕ ಕಳಸ್ತಾರ ತಾತ. ಅಲ್ಲಿಗೆ ಬಂದವರನ್ನ ಎಲ್ಲಿಗೂ ಕಳಸಂಗಿಲ್ಲ. ಅಲ್ಲೇ ನೋಡ್ಬೇಕು. ನಾ ಅದನ್ನ ಕಲೀಬೇಕು" ಎಂದು ಎದ್ದು ಹೋದಳು.

ಎರಡನೆಯ ದಿನ ಬಲ ಸಾಲದೆಂದು ಹರಪನಹಳ್ಳಿಯಿಂದ ಬೀಗರನ್ನು ಕರೆಸಿದೆ. ಅವರು ನಿರ್ಮಲಳ ತಂದೆ, ನನಗಿಂತ ನಾಲ್ಕು ವರ್ಷ ದೊಡ್ಡವರು, ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಆದ್ದರಿಂದಲೇ ಅದರ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಶುರುಮಾಡಿದರು: "ಬೀಗ್ರೆ, ಸಮುದ್ರದ ನೀರಿಗೆ ಹೆಣ್ಮಕ್ಳ ಕೂದ್ಲು ಉದ್ರಿ ಹೋಗ್ತಾವಂತೆ. ಅಲ್ಲಿ ಜೋಳದ ರೊಟ್ಟಿ ಕೇಳಿದ್ರೆ ಹುಚ್ಚರನ್ನ ನೋಡ್ದಂಗೆ ನೋಡ್ತಾರಂತೆ."

"ನಾ ಸಮುದ್ರದಾಗ ಇರಂಗಿಲ್ಲ ಮುತ್ಯಾ, ಹಾಸ್ಟೆಲ್ನಾಗ ಇರ್ತೀನಿ" ಎಂದಳು ಚೈತ್ರಾ.

"ಹಾಸ್ಟೆಲ್ಲಿಗೆ ನೀರು ಎಲ್ಲಿಂದ ಬರ್ತೈತವ್ವಾ?" ಎಂದು ಬೀಗರು ವಕೀಲರಂತೆ ಕೇಳಿ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ. ಸುಳ್ಳೆಂದು ಗೊತ್ತಿದ್ದ ಉತ್ತರಕ್ಕೆ ನಾನು ಅಂಕ ಕೊಟ್ಟದ್ದು ಜೀವನದಲ್ಲಿ ಅದೇ ಮೊದಲು. ಅಡಿಗೆಮನೆಯಿಂದ ನಿರ್ಮಲಾ, "ಅಪ್ಪಾ, ಸುಮ್ನೆ ಮಂಡಕ್ಕಿ ತಿನ್ನು" ಎಂದಳು. ಶಿವಕುಮಾರ ಮಾತ್ರ ಎರಡೂ ಕಡೆ ನೋಡಿ, "ತಾತ ಒಟಿಪಿ ಹೇಳಿದ್ರ ಆತು" ಎಂದು ಅಂಗಡಿಗೆ ಹೋದ. ಅವನು ಸಣ್ಣವನಿದ್ದಾಗ ಏನು ಓದುತ್ತೀ ಎಂದು ನಾನು ಕೇಳಿದ್ದಿಲ್ಲ. ಕೇಳದೆ ಬೆಳೆದವನು ಈಗ ಬಾಯಿ ತೆರೆಯುವುದಿಲ್ಲ.

ಕೋಷ್ಟಕದಲ್ಲಿ ಬರೆಯದ ಕಾಲಂ ಒಂದಿತ್ತು. ಹತ್ತಿರವಿದ್ದರೆ ಶನಿವಾರ ಸಂಜೆ ಮನೆಗೆ ಬರುತ್ತಾಳೆ. ಬಾರದಿದ್ದರೆ ಎಂಟು ಹತ್ತರ ಬಸ್ಸು ಹಿಡಿದು ನಾನೇ ಹೋಗಿ ಬರಬಹುದು. ಮನೆ ತುಂಬಾ ಜನರಿದ್ದಾರೆ, ನಿಜ. ಆದರೆ ನನ್ನ ವೇಳಾಪಟ್ಟಿಯನ್ನು ಗೇಲಿ ಮಾಡುವವಳು ಅವಳೊಬ್ಬಳೇ. ಉಳಿದವರು ಪಾಲಿಸುತ್ತಾರೆ ಅಷ್ಟೆ.

ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಒಟಿಪಿ ಕೊಡುವುದಿಲ್ಲ ಎಂದು ಹೇಳುವಷ್ಟು ಕೆಟ್ಟವನು ನಾನಲ್ಲ. ಆದರೆ ಕೇಳುವ ಹೊತ್ತಿಗೆ ಸಿಗದಿರಬಹುದಲ್ಲ. ದೂರದ್ದನ್ನು ಒಪ್ಪದೆ ಐದು ಗಂಟೆಯಾದರೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ, ಹತ್ತಿರದ್ದು ಉಳಿಯುತ್ತದೆ. ಯಾರೂ ಯಾರಿಗೂ ಬೇಡ ಎಂದಂತಾಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ, ಮೊದಲ ಸಲ, ಗೂಡಿನಿಂದ ಮೊಬೈಲು ತೆಗೆದು ಜೇಬಿಗೆ ಹಾಕಿದೆ. ಅಂಗಿಯ ಜೇಬು ಜೋತುಬಿತ್ತು; ಕದ್ದ ಮಾಲಿನ ಭಾರವೇ ಬೇರೆ. ಉಜ್ಜಿನಿಗೆ ದರ್ಶನಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ದೇವರ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ಗುಡಿಯ ಕಟ್ಟೆಯ ಮೇಲೆ ಕೂತು ಮೊಬೈಲು ತೊಡೆಯ ಮೇಲಿಟ್ಟುಕೊಂಡೆ. ಅದು ಬಡಿದುಕೊಳ್ಳಬೇಕು, ನಾನು ಎತ್ತಬಾರದು, ಇದು ಕಾರ್ಯಕ್ರಮ. ಮೂರೂವರೆ ಆಯಿತು. ಬಡಿದುಕೊಳ್ಳಲಿಲ್ಲ. ನಾಲ್ಕಾಯಿತು. ಎತ್ತದೆ ಇರುವುದಕ್ಕೂ ಯಾರಾದರೂ ಕರೆ ಮಾಡಬೇಕಲ್ಲ. ಎದುರಿಗೆ ದರ್ಶನದ ಸಾಲು. ಸಾಲಿನಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು, ಒಂದು ಕೈಯಲ್ಲಿ ಸಣ್ಣ ಹುಡುಗಿಯ ಕೈ, ಇನ್ನೊಂದರಲ್ಲಿ ತೆಂಗಿನಕಾಯಿ. ಆಕೆ ನಿಂತಲ್ಲೇ ಕಾಲು ಬದಲಿಸುತ್ತಿದ್ದಳು. ಮುಂದಿನವನು, "ಅಮ್ಮಾ, ನೀವು ಮುಂದಕ ಹೋಗ್ರಿ" ಎಂದ. "ಬ್ಯಾಡಪ್ಪ, ನನ್ನ ಪಾಳಿ ಬರಲಿ" ಎಂದಳು.

ನನ್ನ ಹೆಂಡತಿ ಗಿರಿಜಾ ಹೋಗಿ ಹನ್ನೊಂದು ವರ್ಷವಾಯಿತು. ಆ ಬೆಳಿಗ್ಗೆ ಎಡಗೈ ಸೆಳೆಯುತ್ತದೆ, ಎದೆ ಭಾರ ಎಂದಳು. ಅಂದು ಹತ್ತನೆಯ ತರಗತಿಯ ಪರೀಕ್ಷೆ. ನಾನು ಕೇಂದ್ರದ ಮುಖ್ಯ ಅಧೀಕ್ಷಕ. ಪ್ರಶ್ನೆಪತ್ರಿಕೆಯ ಬಂಡಲು ನನ್ನ ಕೈಯಿಂದಲೇ ಒಡೆಯಬೇಕು. "ಒಂಬತ್ತಕ್ಕ ಟೋಕನ್ ಕೊಡ್ತಾರ, ತಗೊಂಡು ಕೂತಿರು, ಹತ್ತೂವರಿಗೆ ಡಾಕ್ಟರು ಬರ್ತಾರ" ಎಂದು ಹೇಳಿ ಹೋದೆ. ಅವಳು ದವಾಖಾನೆಗೆ ಹೋದಳು. ಶಾಲೆಗೆ ರಜೆಯಿದ್ದ ಏಳು ವರ್ಷದ ಚೈತ್ರಾ ಜೊತೆಗಿದ್ದಳು. ಟೋಕನ್ನು ಹದಿನಾಲ್ಕು. ಕಾಂಪೌಂಡರು ಮುಖ ನೋಡಿ, "ಭಾಳ ನೋವೈತೇನ್ರಿ ಅಮ್ಮಾ, ಒಳಗ ಕಳಸ್ಲೇನು?" ಎಂದು ಕೇಳಿದನಂತೆ. "ಬ್ಯಾಡ, ನಂದು ಹದಿನಾಕು" ಎಂದಳಂತೆ. ಅವಳಿಗೆ ಸಾಲು ಕಲಿಸಿದವನು ನಾನು. ನನ್ನ ಮನೆಯಲ್ಲಿ ಮೂವತ್ತೈದು ವರ್ಷ ಬಾಳಿದವಳು ಹದಿಮೂರನೆಯವರ ಮುಂದೆ ಹೇಗೆ ಹೋದಾಳು. ಅವಳ ಪಾಳಿ ಬಂದಾಗ ಡಾಕ್ಟರು ಮುಟ್ಟಿ ನೋಡಿ, ತಕ್ಷಣ ದಾವಣಗೆರೆಗೆ ಎಂದು ಚೀಟಿ ಬರೆದರು. ಶಿವಕುಮಾರ ಕಾರು ಮಾಡಿಕೊಂಡು ಕರೆದೊಯ್ದ. ಹರಪನಹಳ್ಳಿ ದಾಟಿದ ಮೇಲೆ ದಾವಣಗೆರೆಯ ಅಗತ್ಯವಿರಲಿಲ್ಲ. ನನಗೆ ಸುದ್ದಿ ಬಂದಾಗ ಪರೀಕ್ಷೆ ಇನ್ನೂ ನಡೆಯುತ್ತಿತ್ತು. ಉತ್ತರಪತ್ರಿಕೆ ಎಣಿಸಿ, ಬಂಡಲು ಕಟ್ಟಿ, ಅರಗು ಹಾಕಿ, ಸಹಿ ಮಾಡಿ ಎದ್ದೆ. ಆ ವರ್ಷ ನನ್ನ ಕೇಂದ್ರದ ಬಂಡಲುಗಳಲ್ಲಿ ಒಂದೂ ಲೋಪವಿರಲಿಲ್ಲವೆಂದು ಮೇಲಿನಿಂದ ಮೆಚ್ಚುಗೆ ಪತ್ರ ಬಂತು. ಅದನ್ನು ಎಲ್ಲಿಟ್ಟಿದ್ದೇನೆಂದು ಗೊತ್ತಿದೆ. ನನ್ನ ಮನೆಯಲ್ಲಿ ಯಾವ ವಸ್ತುವೂ ಕಳೆದುಹೋಗುವುದಿಲ್ಲ, ಅದೇ ತೊಂದರೆ.

ನಾಲ್ಕು ನಲವತ್ತಕ್ಕೆ ನಾನೇ ಕರೆ ಮಾಡಿದೆ. ಅವಸರದಲ್ಲಿ ಕರೆ ಮೊದಲು ಗೊಬ್ಬರದ ಅಂಗಡಿಗೆ ಹೋಯಿತು. ಎರಡನೆಯ ಸಲ ನಿರ್ಮಲಳ ಮೊಬೈಲು ಹೇಗೋ ಸಿಕ್ಕಿತು, ಎತ್ತಿದವಳು ಚೈತ್ರಾ.

"ಲಗೂನ ಗುಂಡಿ ಒತ್ತವ್ವಾ. ದೂರದ್ದಕ್ಕೇ ಒತ್ತು. ಒಟಿಪಿ ಬಂದ ಕೂಡ್ಲೇ ಓದಿ ಹೇಳ್ತೀನಿ" ಎಂದೆ.

"ಅದು ಮುಂಜಾನೇ ಆತು ತಾತ" ಎಂದಳು.

"ಹೆಂಗ ಆತು?"

"ನೀವು ವಾಕಿಂಗ್ ಹೋಗಿದ್ರಲ್ಲ. ಫೋನ್ ಗೂಡಿನ್ಯಾಗೇ ಇತ್ತು. ಮೆಸೇಜ್ ಐತಿ, ನೋಡ್ರಿ."

ನೋಡಿದೆ. ಐದು ಐವತ್ತೆರಡಕ್ಕೆ ಒಟಿಪಿ, ಐದು ಐವತ್ತನಾಲ್ಕಕ್ಕೆ 'ನಿಮ್ಮ ಒಪ್ಪಿಗೆ ಸ್ವೀಕರಿಸಲಾಗಿದೆ'. ಅಂದು ಗುರುವಾರ, ಸಂದೇಶ ಓದುವ ದಿನಕ್ಕೆ ಇನ್ನೂ ಮೂರು ದಿನವಿತ್ತು. ಮಧ್ಯಾಹ್ನದಿಂದ ನಾನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ತಿರುಗಿದ್ದು ಮುಗಿದುಹೋದ ಗಂಟೆಯನ್ನು. ಐದೂವರೆಯಿಂದ ಆರೂವರೆವರೆಗೆ ನಾನು ಮನೆಯಲ್ಲಿರುವುದಿಲ್ಲವೆಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದವನೂ ನಾನೇ.

"ನನ್ನ ಒಂದು ಮಾತು ಕೇಳ್ಬೌದಿತ್ತಲ್ಲವ್ವಾ" ಎಂದೆ.

"ಕೇಳಿದ್ರ ನೀವು ಯೋಚನಿ ಮಾಡಾಕ ಕುಂದರ್ತಿದ್ರಿ. ನಾನು ಕಾಯಂಗಿಲ್ಲ ತಾತ. ಅಜ್ಜಿ ಕಾದಿದ್ದು ನೋಡೀನಿ. ಟೋಕನ್ ನನ್ನ ಕೈಯಾಗಿತ್ತು."

ದರ್ಶನದ ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.

"ಎಲ್ಲಿ ಅದೀರಿ?"

"ಉಜ್ಜಿನ್ಯಾಗ."

"ಉಜ್ಜಿನಿಗೆ ಫೋನ್ ಯಾಕ ಒಯ್ದ್ರಿ?"

ಮೊಬೈಲನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ. ಅವಳಿಗೆ ತಿಳಿಯಿತು. ಬೈಯುತ್ತಾಳೆಂದು ಕಾದೆ. ಅವಳು, "ಐದರ ಬಸ್ಸಿಗೆ ಬಂದುಬಿಡ್ರಿ, ಆರಕ್ಕ ಚಾ ತಪ್ಪತೈತಿ ಮತ್ತ" ಎಂದು ಇಟ್ಟಳು. ದರ್ಶನ ಮಾಡದೆ ಬಂದೆ. ಸಾಲು ಉದ್ದವಿತ್ತು.

ಈಗ ಅವಳು ಸಮುದ್ರದ ಊರಿನಲ್ಲಿದ್ದಾಳೆ. ಕೂದಲು ಉದುರಿಲ್ಲ. ಕುಚಲಕ್ಕಿ ಅನ್ನಕ್ಕೆ ನಿರ್ಮಲಾ ಕಳಿಸಿದ ಶೇಂಗಾ ಚಟ್ನಿ ಕಲಸಿ ತಿನ್ನುತ್ತಾಳೆ. ಕರೆ ಮಾಡಲು ಅವಳಿಗೆ ಬಿಡುವಿರುವುದು ಬೆಳಿಗ್ಗೆ ಆರಕ್ಕೆ ಮಾತ್ರ. ಹೀಗಾಗಿ ನನ್ನ ವಾಯುವಿಹಾರ ಈಗ ಗೂಡಿನ ಮುಂದೆ, ನಡುಮನೆಯಲ್ಲಿ, ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತದೆ.

ಹೋದ ತಿಂಗಳು ಒಂದು ಬೆಳಿಗ್ಗೆ ನನ್ನ ಎದೆಯಲ್ಲಿ ಹಿಡಿದಂತಾಯಿತು. ಆರರ ಕರೆಯಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಅವಳ ದನಿ ಬದಲಾಯಿತು. "ಈಗಿಂದೀಗ ದವಾಖಾನಿಗೆ ಹೋಗ್ರಿ ತಾತ. ಟೋಕನ್ ತಗೊಂಡು ಕುಂದರಬ್ಯಾಡ್ರಿ. ಯಾರ ಇರಲಿ, ಎಷ್ಟ ಮಂದಿ ಇರಲಿ, ಸೀದಾ ಒಳಗ ಹೋಗ್ರಿ. ನನ್ನ ಆಣಿ." ಇಪ್ಪತ್ತನಾಲ್ಕು ತಾಸೂ ತೆರೆದಿರುವ ದವಾಖಾನೆ ಈಗ ನಮ್ಮೂರಿಗೂ ಬಂದಿದೆ. ಶಿವಕುಮಾರ ಬೈಕಿನಲ್ಲಿ ಇಳಿಸಿ, ಗಾಡಿ ನಿಲ್ಲಿಸಿ ಚೀಟಿ ಮಾಡಿಸಲು ಹೋದ. ನನಗಿಂತ ಮೊದಲು ಎಂಟು ಜನರಿದ್ದರು. ಆಣೆಯನ್ನು ನಡೆಸಬೇಕೆಂದು ನಿಶ್ಚಯಿಸಿದೆ. ಮೊದಲನೆಯವರ ಮುಂದೆ ನಿಂತು, ನನಗೆ ಎದೆ ಹಿಡಿದಿದೆ, ತಮ್ಮ ಅಭ್ಯಂತರವಿಲ್ಲದಿದ್ದರೆ ಮೊದಲು ಹೋಗುತ್ತೇನೆ ಎಂದು ಕೇಳಿಕೊಂಡೆ. ಅವರು ಹೋಗ್ರಿ ಎಂದರು. ಒಬ್ಬರನ್ನು ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಅನ್ಯಾಯವೆಂದು ಎರಡನೆಯವರನ್ನು ಕೇಳಿದೆ, ಮೂರನೆಯವರನ್ನು ಕೇಳಿದೆ. ನಾಲ್ಕನೆಯವನು ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತು ನಮಸ್ಕರಿಸಿ ಕ್ಷೇಮ ಸಮಾಚಾರ ಕೇಳಿದ. ಎಂಟನೆಯವರು ಒಪ್ಪುವ ಹೊತ್ತಿಗೆ ಉಳಿದ ಏಳೂ ಜನ ತೋರಿಸಿಕೊಂಡು ಹೋಗಿದ್ದರು, ಅವರೂ ಎದ್ದು ಒಳಗೆ ಹೋದರು, ಅವರ ನಂತರ ನನ್ನ ಪಾಳಿಯೇ ಬಂತು.

ಡಾಕ್ಟರು ಪರೀಕ್ಷಿಸಿ ಬರೀ ವಾಯು ಎಂದರು. ಮರುದಿನ ಆರಕ್ಕೆ ಚೈತ್ರಾ, ಸೀದಾ ಒಳಗೆ ಹೋದಿರಾ ಎಂದು ಕೇಳಿದಳು. ಹೋದೆ ಎಂದೆ.