ಹುದ್ದಾರ ಮಾಸ್ತರರು ಫೆಬ್ರವರಿಯ ಸಂಬಳವನ್ನು ಗೆದ್ದ ಪ್ರಸಂಗ

ಯಾವ ವೀರನು ಜೇಬಿನಿಂದ ಕೆಂಪು ಶಾಯಿಯ ಪೆನ್ನನ್ನು ಹಿರಿದ ಮಾತ್ರಕ್ಕೆ ದಿಲ್ಲಿಯ ಖಜಾನೆಯ ಬೀಗಗಳೆಲ್ಲ ತಾವಾಗಿ ಕಳಚಿ ಬಿದ್ದು, ಮುನ್ನೂರು ಮಂದಿ ತೆರಿಗೆ ಅಧಿಕಾರಿಗಳು ಮೇಜಿನಡಿ ಅವಿತು, ಸೂರ್ಯನೇ ಅರ್ಧ ದಿನದ ಸಾಂದರ್ಭಿಕ ರಜೆ ಹಾಕಿ ಮೋಡದ ಮರೆಗೆ ಸರಿದನೋ, ಯಾವನು ಭೂಪಟದ ಮೇಲೆ ಬೆರಳಿಟ್ಟರೆ ತುಂಗಭದ್ರೆಯು ಹರಿಯುವುದನ್ನು ನಿಲ್ಲಿಸಿ “ಏನಪ್ಪಣೆ?” ಎಂದು ಕೇಳುವಳೋ, ಅಂಥ ಅಖಂಡ-ಭೂಗೋಳ-ಬೋಧನಾ-ಧುರಂಧರ, ಸೀಮೆಸುಣ್ಣ-ಧೂಳಿ-ಧೂಸರಿತ-ದಕ್ಷಿಣಹಸ್ತ, ಸರಕಾರಿ-ಪ್ರೌಢಶಾಲಾ-ಸಹಶಿಕ್ಷಕ-ಶಿರೋಮಣಿ ಶ್ರೀಮಾನ್ ಗುರುಪಾದಪ್ಪ ಹುದ್ದಾರನ ಸಮರಗಾಥೆಯನ್ನು, ಎಲೈ ಫೆಬ್ರವರಿ ಮಾಸವೇ, ಹನ್ನೆರಡು ಸೋದರರಲ್ಲಿ ಗಿಡ್ಡನಾಗಿಯೂ ಸಂಬಳ ನುಂಗುವುದರಲ್ಲಿ ಎಲ್ಲರಿಗಿಂತ ದೊಡ್ಡ ಬಾಯಿಯವನೇ, ನೀನೇ ಸಾಕ್ಷಿಯಾಗಿ ನಿಂತು ಹೇಳಿಸು!

ಆ ವೀರನಿಗೆ ಒಬ್ಬಳು ಜನನಿ. ಮೂವತ್ತೆರಡು ದಂತಭಟರು ಒಬ್ಬರ ಹಿಂದೊಬ್ಬರು ವೀರಸ್ವರ್ಗವನ್ನೇರಿದ ಮೇಲೆ, ನಿರ್ಜನ ರಣರಂಗದಂತಾದ ಬಾಯಿಯಲ್ಲಿ, ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನೆನೆಸಿ...

“ಎರಡ ಇನ್ನೂ ಅದಾವಲ್ಲೋ,” ಎಂದಳು ನೀಲಮ್ಮ, ಕೇಳುತ್ತ ಕೂತಿದ್ದ ಜನನಿ.

ತನ್ನ ಪರಾಕ್ರಮವನ್ನು ಹೇಳುವಾಗ ತನ್ನನ್ನು “ಅವನು” ಎಂದೇ ಕರೆದುಕೊಳ್ಳುವುದು ಹುದ್ದಾರ ಮಾಸ್ತರರ ರೂಢಿ. ಶಾಲೆಯಿಂದ ಬಂದವರು ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ನಿಂತೇ ಹೇಳುತ್ತಿದ್ದರು.

“ಕತಿ ನಡುವ ಬಾಯಿ ಹಾಕಬ್ಯಾಡವ್ವಾ,” ಎಂದು ಮುಂದುವರಿಸಿದರು.

ಆ ಜನನಿಯ ವಸಡಿನ ಅಚ್ಚನ್ನು ದಂತವೈದ್ಯನು ತೆಗೆದಾಗಿತ್ತು. ಮೇಲಿನ ಸಾಲು, ಕೆಳಗಿನ ಸಾಲು, ಎರಡಕ್ಕೂ ಸೇರಿ ಇಪ್ಪತ್ತೆರಡು ಸಾವಿರ. ಫೆಬ್ರವರಿಯ ಸಂಬಳ ಬಂದ ಗುರುವಾರವೇ ಹಲ್ಲು ಕೂರಿಸುವುದೆಂದು ವೀರನು ಮಾತು ಕೊಟ್ಟಿದ್ದನು. ಆದರೆ ಅಯ್ಯೋ, ಕಳೆದ ಏಪ್ರಿಲ್‌ನಲ್ಲಿಯೇ ವಿಧಿಯು ಹೊಂಚು ಹಾಕಿತ್ತು! ಈ ವರ್ಷ ಏನೇನು ಉಳಿತಾಯ, ಎಷ್ಟು ಬಾಡಿಗೆ ಎಂದು ಪ್ರತಿ ನೌಕರನೂ ಏಪ್ರಿಲ್‌ನಲ್ಲಿ ಒಂದು ಫಾರ್ಮಿನಲ್ಲಿ ಬರೆದುಕೊಡಬೇಕು. ಅದನ್ನು ನಂಬಿ ಕಚೇರಿಯವರು ತಿಂಗಳು ತಿಂಗಳು ತೆರಿಗೆ ಹಿಡಿಯುತ್ತಾರೆ. ಸಹೋದ್ಯೋಗಿಗಳೆಲ್ಲ ಬೆವರಿಳಿಸುತ್ತ ಅಂಕಿ ತುಂಬುತ್ತಿರಲು, ನಮ್ಮ ಮಿತಭಾಷಿಯು ಫಾರ್ಮಿಗೆ ಅಡ್ಡಲಾಗಿ ಎರಡೇ ಪದಗಳ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಿದನು: “ಹೋದ ವರ್ಷದಂತೆ.”

“ಹೋದ ವರ್ಷ ಬಾಡಗಿ ಮನ್ಯಾಗ ಇದ್ದಿವಲ್ಲೋ ಗುರಪ್ಪಾ? ಈ ವರ್ಷ ಎಲ್ಲಿ ಬಾಡಗಿ?”

“ಅವ್ವಾ!”

“ವಿಮಾದ ಕಂತೂ ಮುಗದದ ಅಂದಿದ್ದಿ.”

ಮಾಸ್ತರರು ಕೆಮ್ಮಿದರು, ಗಾಥೆಯು ನೇರ ರಣರಂಗಕ್ಕೆ ಜಿಗಿಯಿತು.

ಅಲ್ಲಿ, ಕಡತಗಳ ಕೋಟೆಯ ಹಿಂದೆ, ಕೀಲಿಮಣೆ-ಕಠೋರ-ನಖಾಗ್ರೆ, ರಶೀದಿ-ರಾಶಿ-ಶೋಧನ-ನಿಷ್ಕರುಣೆ, ಗುಮಾಸ್ತೆ ಸುಮತಿ ಉಪಾಧ್ಯೆಯು ಕುಳಿತಿದ್ದಳು. ಜನವರಿಯಲ್ಲಿ ದಾಖಲೆ ಕೇಳಿದವಳು ಅವಳೇ. ವೀರನ ಬಳಿ ಬಾಡಿಗೆಯ ಚೀಟಿಯೂ ಇಲ್ಲ, ವಿಮೆಯ ರಶೀದಿಯೂ ಇಲ್ಲವೆಂದು ಕಂಡು, ಹತ್ತು ತಿಂಗಳಲ್ಲಿ ಹಿಡಿಯಬೇಕಿದ್ದು ಹಿಡಿಯದೆ ಬಿಟ್ಟ ಮೂವತ್ತಾರು ಸಾವಿರವನ್ನು ಉಳಿದ ಎರಡು ಸಂಬಳಗಳ ತಲೆಗೆ ಹದಿನೆಂಟು ಹದಿನೆಂಟರಂತೆ ಕಟ್ಟಿದವಳೂ ಅವಳೇ.

ಆಗ ವೀರನು ಗುಡುಗಿದನು: “ಎಲೌ ಅಂಕಿಪ್ರಿಯೆ! ನಾನು ಯಾರೆಂದು ತಿಳಿದೆ? ಸಹಾರಾ ಮರುಭೂಮಿಯನ್ನು ನಲವತ್ತು ನಿಮಿಷದಲ್ಲಿ ದಾಟಿಸಿದವನು! ಹಿಮಾಲಯವನ್ನು ಕಪ್ಪುಹಲಗೆಯ ಮೇಲೆ ಎತ್ತಿ ಇಳಿಸಿದವನು! ನನ್ನ ಸಂಬಳದ ಒಂದು ರೂಪಾಯಿಯನ್ನು ಮುಟ್ಟಿ ನೋಡು, ಭೂಮಧ್ಯರೇಖೆಯನ್ನೇ ಬಿಚ್ಚಿ ನಿನ್ನ ಕಂಪ್ಯೂಟರಿಗೆ ಉರುಳು ಹಾಕುವೆನು!”

ಹೀಗೆಂದು ಬತ್ತಳಿಕೆಯಿಂದ ರಶೀದಿಗಳನ್ನು ಸುರಿಸಿದನು. ಶಾಲಾ ಪ್ರವಾಸದ ಚೀಟಿ ಹಾರಿತು, ಮಠದ ದಾಸೋಹದ ಚೀಟಿ ಹಾರಿತು, ಎರಡು ವರ್ಷದ ಹಿಂದಿನ ಮಿಕ್ಸರಿನ ಗ್ಯಾರಂಟಿ ಕಾರ್ಡೂ ಹಾರಿತು. ಗೋಡೆಗಳು ನಡುಗಿದವು. ಫ್ಯಾನು ತಿರುಗುಮುರುಗಾಗಿ ತಿರುಗಿತು. ಕಂಪ್ಯೂಟರು ಹೊಗೆಯುಗುಳಿ ಶರಣೆಂದಿತು. ಸುಮತಿಯು ಕನ್ನಡಕ ಕಳಚಿ, ವೀರನ ಚಪ್ಪಲಿಯ ಬಳಿ ದೀರ್ಘದಂಡ ಬಿದ್ದು, “ಕ್ಷಮಿಸಿರಿ ಪ್ರಭೋ, ಪೂರ್ತಿ ಸಂಬಳ ಒಯ್ಯಿರಿ” ಎಂದು ಗೋಳಾಡಿದಳು.

ಮಾಸ್ತರರು ಎರಡೂ ಕೈ ಮೇಲೆತ್ತಿ ನಿಂತರು.

ನೀಲಮ್ಮ ಚಪ್ಪಾಳೆ ತಟ್ಟಲಿಲ್ಲ. ಗೋಡೆ ಹಿಡಿದು ಎದ್ದಳು.

“ಪೂರ್ತಿ ಸಂಬಳ ಬಂತಲ್ಲ? ಹಂಗಾದ್ರ ಗುರುವಾರ ಖರೆ. ಡಾಕ್ಟರಿಗೆ ಫೋನ್ ಹಚ್ಚು. ಈಗ ಹಚ್ಚು, ನನ್ನ ಮುಂದ.”

ಎತ್ತಿದ ಕೈಗಳು ಒಂದೊಂದಾಗಿ ಇಳಿದವು. ಒಂದು ಕೈ ಜೇಬಿನ ಮೊಬೈಲಿನವರೆಗೆ ಹೋಗಿ ಅಲ್ಲೇ ಉಳಿಯಿತು.

“ಯಾಕೋ? ಚಾರ್ಜಿಲ್ಲೇನು?”

“ಚಾರ್ಜ್ ಅದ ಅವ್ವಾ.”

“ಮತ್ತ?”

“ಆಕಿ ಕಾಲಿಗೆ ಬಿದ್ದಿಲ್ಲ. ಕುರ್ಚಿ ಬಿಟ್ಟು ಎದ್ದೂ ಇಲ್ಲ.” ಮಾಸ್ತರರು ಕೂತುಬಿಟ್ಟರು. “ಆ ಫಾರ್ಮ್ ನಾನು ಓದಿರಲಿಲ್ಲವ್ವಾ. ಹದಿನೆಂಟು ಸಾವಿರ ಹೋಗೂದ. ಮನಿ ಸಾಲದ ಕಂತು ಕಟ್ಟಿದ್ರ ಕೈಯಾಗ ಉಳಿಯೂದು ಹನ್ನೊಂದ ಸಾವಿರ.”

“ಗುಡುಗಿದ್ದಿ ಅಂದಿ?”

“ಬಾಯಿ ತಗದೆ. ಅಳು ಬಂತು. ಸುಮತಿ ಅಕ್ಕಾರು ಚಾ ತರಿಸಿದ್ರು.”

ನೀಲಮ್ಮ ನಗಲಿಲ್ಲ, ಬೈಯಲೂ ಇಲ್ಲ. “ಹಲ್ಲಿಂದೇನು ಮಾಡ್ತಿ, ಅದನ್ನ ಹೇಳು.”

“ಮ್ಯಾಲಿನ ಸಾಲು ಈ ಗುರುವಾರ. ಕೆಳಗಿಂದು ಆಮ್ಯಾಲೆ.”

“ಬರೇ ಮ್ಯಾಲಿನ್ವು ಹಾಕ್ಕೊಂಡು ಯಾರನ್ನ ಹೆದರಸ್ಲೋ? ರೊಟ್ಟಿ ಏನು ತಾನ ಮುರಕೊಂತದ?”

“ಒಂದು ಮಾತ್ರ ಗೆದ್ದೀನವ್ವಾ,” ಎನ್ನುವಾಗ ಮಾಸ್ತರರ ಎದೆ ಸ್ವಲ್ಪ ಉಬ್ಬಿತು. “ಹಲ್ಲಿನ ಬಿಲ್ಲು ಬ್ಯಾಂಕಿನಿಂದ ಕಟ್ಟಿ ತೋರಿಸಿದ್ರ, ತಾಯಿ ಔಷಧೋಪಚಾರದ ಖರ್ಚು ಅಂತ ಹಿಡಕೊಂಡು ಮಾರ್ಚಿಗೆ ಎರಡು ಸಾವಿರದ ಇನ್ನೂರಾ ಎಂಬತ್ತೆಂಟು ರೂಪಾಯಿ ತೆರಿಗಿ ಕಮ್ಮಿ. ಆ ನಿಯಮಾನ ಎದಿಯುಬ್ಬಿಸಿ ಅವರ ಮುಂದ...”

ನೀಲಮ್ಮ ಮಗನನ್ನೇ ನೋಡಿದಳು.

ಉಬ್ಬಿದ ಎದೆ ಇಳಿಯಿತು.

“ಅದೂ ನನಗ ಗೊತ್ತಿರಲಿಲ್ಲ,” ಎಂದರು ಹುದ್ದಾರ ಮಾಸ್ತರರು. “ಅಕ್ಕಾರ ಹುಡುಕಿ ಕೊಟ್ಟಿದ್ದು.”